ಮುಪ್ಪರಿಯದ ಮುಖ

ಸತ್ತು ಎಷ್ಟೋ ವರ್ಷಗಳಾದ ಒಬ್ಬ ಹೆಣ್ಣುಮಗಳ ಮುಖವನ್ನು, ಆಕೆಯನ್ನು ಎಂದೂ ಕಂಡರಿಯದ, ಆಕೆಯ ಭಾಷೆಯನ್ನೂ ತಿಳಿಯದ ಜನರು ಇಂದಿಗೂ ಎವೆಯಿಕ್ಕದೆ ನೋಡುತ್ತಾರೆಂದರೆ ಅದಕ್ಕೆ ಕಾರಣವೇನಿರಬಹುದು? ಈ ಪ್ರಶ್ನೆ ಪ್ರಾಥಮಿಕ ಶಾಲೆಯ ಉಪಾಧ್ಯಾಯಿನಿಯೊಬ್ಬಳ ಲೇಖನಿಗೆ ತಕ್ಕುದಲ್ಲವೆಂದು ಕೆಲವು ವಾಚಕರಿಗೆ ತೋರಬಹುದು. ಸಿನೇಮಾ ನಟಿಯರ ಚೆಲುವಿನ ಮಾತು ಪಾನಪಟ್ಟಿ ಅಂಗಡಿಯ ಮುಂದೆ ಆಡತಕ್ಕುದು, ಸಂಘದ ಪತ್ರಿಕೆಯಲ್ಲಿ ಬರೆಯತಕ್ಕುದಲ್ಲ ಎಂಬ ಒಂದು ಮರ್ಯಾದೆ ನಮ್ಮಲ್ಲುಂಟು. ಆ ಮರ್ಯಾದೆಯನ್ನು ನಾನೂ ಬಹುಕಾಲ ಪಾಲಿಸಿದವಳೇ. ಆದರೆ ಹಿಂದಿನ ವರ್ಷ ನನ್ನ ತರಗತಿಯಲ್ಲಿ, ನನ್ನ ಬಾಯಿಂದಲೇ ನಡೆದ ಒಂದು ತಪ್ಪು ಈ ಪ್ರಶ್ನೆಯನ್ನು ನನ್ನ ಮನೆಯ ಹೊಸ್ತಿಲಿಗೆ ತಂದು ನಿಲ್ಲಿಸಿತು. ಆದುದರಿಂದ ಬರೆಯುತ್ತಿದ್ದೇನೆ.

ನಾನು ಕಲಿಸುವುದು ಗಡಹಿಂಗ್ಲಜ ತಾಲೂಕಿನ ಒಂದು ಹಳ್ಳಿಯ ಕನ್ನಡ ಶಾಲೆಯಲ್ಲಿ. ಏಳನೆಯ ಇಯತ್ತೆಯ ಮಕ್ಕಳಿಂದ ಗುರುತಿನ ಚೀಟಿಗಾಗಿ ಒಂದೊಂದು ಭಾವಚಿತ್ರವನ್ನು ತರಿಸಬೇಕಾಗಿತ್ತು. ಒಬ್ಬ ಹುಡುಗಿ, ಹೆಸರು ಬೇಡ, ಪೇಟೆಯ ಅಂಗಡಿಯಲ್ಲಿ ತೆಗೆಯಿಸಿದ ಫೋಟೋ ತಂದಳು. ಅಂಗಡಿಯವನು ಗಣಕಯಂತ್ರದ ಚಮತ್ಕಾರದಿಂದ ಆಕೆಯ ಕಪ್ಪು ಮೈಬಣ್ಣವನ್ನು ಹಾಲಿನಂತೆ ಬೆಳ್ಳಗೆ ಮಾಡಿದ್ದ. ಚಿಕ್ಕಂದಿನಲ್ಲಿ ಒಲೆಯ ಹತ್ತಿರ ಬಿದ್ದು ಗಲ್ಲದ ಮೇಲೆ ಉಳಿದಿದ್ದ ಸುಟ್ಟ ಕಲೆಯನ್ನು ಅಳಿಸಿದ್ದ. ತುಟಿಗೆ ತುಸು ಕೆಂಪನ್ನೂ ಕೊಟ್ಟಿದ್ದ. ಅದನ್ನು ಕೈಯಲ್ಲಿ ಹಿಡಿದು ನಾನು, "ಈಕೆ ಯಾರವ್ವಾ? ನಮ್ಮ ಸಾಲಿಗೆ ಹೊಸದಾಗಿ ಬಂದಾಳೇನು?" ಎಂದೆ. ತರಗತಿಯೆಲ್ಲ ನಕ್ಕಿತು. ಸತ್ಯದ ಪಾಠ ಹೇಳಿದೆನೆಂದು ನಾನೂ ಒಳಗೊಳಗೇ ಹಿಗ್ಗಿದೆ. ಹುಡುಗಿ ಮಾತಾಡಲಿಲ್ಲ. ಮರುದಿನ ಶಾಲೆಗೆ ಬರಲಿಲ್ಲ, ಅದರ ಮರುದಿನವೂ ಬರಲಿಲ್ಲ.

ಆ ಎರಡು ದಿನಗಳಲ್ಲಿ ನನ್ನ ನೆನಪಿಗೆ ಬಂದುದು ನಮ್ಮ ಆಯಿಯ ಟ್ರಂಕು. ನಮ್ಮ ಕಡೆಯ ಕನ್ನಡ ಮನೆಗಳಲ್ಲಿ ಆಯಿ ಎಂದರೆ ಅಜ್ಜಿ. ನೆರೆಮನೆಯ ಮರಾಠಿ ಮಕ್ಕಳಿಗೆ ಅದೇ ಮಾತು ತಾಯಿ. ಚಿಕ್ಕಂದಿನಲ್ಲಿ ಈ ಗೊಂದಲದಿಂದ ನಾವು ಎಷ್ಟೋ ಸಲ ನಕ್ಕದ್ದುಂಟು. ನಮ್ಮ ಆಯಿ ಇಚಲಕರಂಜಿಯಲ್ಲಿ ಬಾಳಿದವಳು. ಮದುವೆಯಾದಂದಿನಿಂದ ಕೈ ನಡುಗುವವರೆಗೂ ಮಗ್ಗದ ಮನೆಯಲ್ಲಿ ಕಂಡಿಕೆ ಸುತ್ತಿದಳು. ಆಕೆ ತೀರಿಕೊಂಡ ಮೇಲೆ ಟ್ರಂಕು ತೆರೆದಾಗ ಒಂದು ಇಲಕಲ್ಲ ಸೀರೆಯ ಮಡಿಕೆಯೊಳಗೆ ಹಳೆಯ ಪತ್ರಿಕೆಯ ಒಂದು ತುಂಡು ಸಿಕ್ಕಿತು. ಅದರಲ್ಲಿ ಒಬ್ಬ ತರುಣಿಯ ಮುಖ, ಕೆಳಗೆ ಒಂದು ಸಾಬೂನಿನ ಹೆಸರು. ಕಾಗದವು ಹಳದಿಯಾಗಿ ಮಡಿಕೆಯ ಗುಂಟ ಹರಿದಿತ್ತು. ಮುಖ ಮಾತ್ರ ಹರಿಯದಂತೆ ಆಯಿ ಮಡಿಕೆಯನ್ನು ಕತ್ತಿನ ಕೆಳಗೆ ಹಾಕಿದ್ದಳು.

ಆ ಮುಖ ಲೀಲಾ ಚಿಟಣೀಸರದು.

ಈ ಹೆಸರು ಇಂದಿನ ವಿದ್ಯಾರ್ಥಿಗಳಿಗೆ ಅಪರಿಚಿತವಾಗಿರಬಹುದು. ೧೯೦೯ರಲ್ಲಿ ನಮ್ಮ ಧಾರವಾಡದಲ್ಲಿ ಹುಟ್ಟಿದವರು ಅವರು. ಮನೆಮಾತು ಮರಾಠಿ, ತಂದೆ ಇಂಗ್ಲಿಷ್ ಸಾಹಿತ್ಯದ ಪ್ರಾಧ್ಯಾಪಕರು. ಸಿನೇಮಾದ ಬಾಗಿಲು ತಟ್ಟಿದ ಮೊದಲ ಪದವೀಧರ ಮಹಿಳೆಯರಲ್ಲಿ ಒಬ್ಬರು. ಎಳೆಯ ವಯಸ್ಸಿನಲ್ಲೇ ವಿವಾಹವಾಗಿ, ನಾಲ್ವರು ಗಂಡುಮಕ್ಕಳ ತಾಯಿಯಾಗಿ, ಪತಿಯಿಂದ ಬೇರೆಯಾದ ಮೇಲೆ ಹೊಟ್ಟೆಪಾಡಿಗಾಗಿ ಕೆಲಕಾಲ ಶಾಲೆಯಲ್ಲಿ ಪಾಠ ಹೇಳಿದರೆಂಬುದನ್ನು ನಮ್ಮ ವೃತ್ತಿಬಾಂಧವರು ಗಮನಿಸಬೇಕು. ಅನಂತರ ನಾಟಕ, ಅನಂತರ ಚಿತ್ರ. ಬಾಂಬೆ ಟಾಕೀಸಿನ 'ಕಂಗನ್' ೧೯೩೯ರಲ್ಲಿ ಬಂದಾಗ ಅವರಿಗೆ ಮೂವತ್ತು ವರ್ಷ. ಮರುವರ್ಷ 'ಬಂಧನ್', ಅದರ ಮರುವರ್ಷ 'ಝೂಲಾ'. ಅಶೋಕಕುಮಾರರೊಡನೆ ನಟಿಸಿದ ಈ ಚಿತ್ರಗಳು ದೇಶದ ತುಂಬ ಓಡಿದವು. ಕಣ್ಣಿನಿಂದ ಮಾತಾಡುವುದನ್ನು ತಾವು ಈಕೆಯಿಂದ ಕಲಿತೆವೆಂದು ಅಶೋಕಕುಮಾರರೇ ಒಪ್ಪಿಕೊಂಡರೆಂದು ಪ್ರತೀತಿ. ೧೯೪೧ರಲ್ಲಿ ಲಕ್ಸ್ ಸಾಬೂನಿನ ಜಾಹೀರಾತಿನಲ್ಲಿ ಈ ಮುಖ ಅಚ್ಚಾಯಿತು. ಅದುವರೆಗೆ ಆ ಸಾಬೂನನ್ನು ಹಾಲಿವುಡ್ಡಿನ ಚೆಲುವೆಯರು ಹೊಗಳುತ್ತಿದ್ದರು. ಹಾಗೆ ಕಾಣಿಸಿಕೊಂಡ ಮೊದಲ ಭಾರತೀಯ ನಟಿ ಈಕೆಯೇ.

ಆ ೧೯೪೧ನೆಯ ವರ್ಷವೇ, ಅತ್ತ ಅಮೆರಿಕೆಯಲ್ಲಿ, ಜಗತ್ತು ಅತ್ಯಂತ ಹೆಚ್ಚಾಗಿ ನೋಡಿದ ಮುಖವೊಂದು ತೆರೆಯಿಂದ ಮರೆಯಾಯಿತು. ಗ್ರೇಟಾ ಗಾರ್ಬೊ ಸ್ವೀಡನ್ ದೇಶದ ಸ್ಟಾಕ್‌ಹೋಮಿನಲ್ಲಿ ೧೯೦೫ರಲ್ಲಿ ಬಡಮನೆಯಲ್ಲಿ ಹುಟ್ಟಿದವಳು. ತಂದೆ ಸತ್ತ ಮೇಲೆ ಕ್ಷೌರದಂಗಡಿಯಲ್ಲಿ ಗಿರಾಕಿಗಳ ಗಡ್ಡಕ್ಕೆ ಸಾಬೂನಿನ ನೊರೆ ಹಚ್ಚುವ ಕೆಲಸ ಮಾಡಿದಳು. ಆಮೇಲೆ ದೊಡ್ಡ ಅಂಗಡಿಯೊಂದರಲ್ಲಿ ಟೊಪ್ಪಿಗೆ ಮಾರಿದಳು. ೧೯೨೫ರಲ್ಲಿ ಹಾಲಿವುಡ್ಡಿಗೆ ಹೋಗಿ ಹದಿನೈದು ವರ್ಷ ಆಳಿದಳೆಂದೇ ಹೇಳಬೇಕು. ೧೯೪೧ರಲ್ಲಿ ಬಂದ ಆಕೆಯ ಚಿತ್ರ ಸೋತಿತು. ಅದರ ಹೆಸರಿನ ಅರ್ಥ 'ಎರಡು ಮುಖದ ಹೆಣ್ಣು'. ಆಗ ಆಕೆಗೆ ೩೬ ವರ್ಷ. ಮತ್ತೆ ಎಂದೂ ಆಕೆ ಚಿತ್ರದಲ್ಲಿ ನಟಿಸಲಿಲ್ಲ. ೧೯೯೦ರಲ್ಲಿ ಸಾಯುವವರೆಗೆ ಸುಮಾರು ಅರ್ಧ ಶತಮಾನವನ್ನು ನ್ಯೂಯಾರ್ಕಿನಲ್ಲಿ ಕಪ್ಪು ಕನ್ನಡಕ ಹಾಕಿಕೊಂಡು, ಕಂಡವರಿಗೆ ಮುಖ ತಪ್ಪಿಸಿ ನಡೆದಾಡುತ್ತ ಕಳೆದಳು. ಜನರು ಆಕೆಯನ್ನು ಮರೆತರೇ? ಮರೆಯಲಿಲ್ಲ. ಅಡಗಿದಷ್ಟೂ ಹುಡುಕಿದರು. ಛಾಯಾಚಿತ್ರಗಾರರು ಬೀದಿಯ ಮೂಲೆಗಳಲ್ಲಿ ಕಾದರು.

ಇಬ್ಬರು ಹೆಣ್ಣುಮಕ್ಕಳು, ಒಂದೇ ವರ್ಷ. ಒಬ್ಬಳು ತನ್ನ ಮುಖವನ್ನು ಮುಪ್ಪು ತಟ್ಟುವ ಮೊದಲೇ ಮುಚ್ಚಿಟ್ಟಳು. ಇನ್ನೊಬ್ಬರು ಅದೇ ತೆರೆಯ ಮೇಲೆ, ಅದೇ ಜನರ ಕಣ್ಣೆದುರಿಗೆ, ಅದು ಬಾಡುವುದನ್ನು ತೋರಿಸಿದರು. ೧೯೪೮ರ 'ಶಹೀದ್' ಚಿತ್ರದಲ್ಲಿ ಲೀಲಾ ಚಿಟಣೀಸರು ದಿಲೀಪಕುಮಾರರ ತಾಯಿ. ೧೯೫೧ರ 'ಆವಾರಾ'ದಲ್ಲಿ ಮೊದಲು ತರುಣ ಗೃಹಿಣಿ, ಅನಂತರ ಮಗನಿಗಾಗಿ ಸವೆದು ನರೆತ ತಾಯಿ. ಎರಡೂ ಒಂದೇ ಚಿತ್ರದಲ್ಲಿ. ೧೯೬೫ರ 'ಗೈಡ್'ನಲ್ಲಿಯೂ ನಾಯಕನ ತಾಯಿ. ಕೊನೆಗೆ ಮಕ್ಕಳಿರುವ ಅಮೆರಿಕೆಗೆ ಹೋಗಿ, ಅಲ್ಲಿನ ಡ್ಯಾನ್‌ಬರಿ ಎಂಬ ಊರಿನ ಶುಶ್ರೂಷಾಗೃಹದಲ್ಲಿ ೨೦೦೩ರ ಜುಲೈ ೧೪ರಂದು, ತೊಂಬತ್ಮೂರರ ಮುಪ್ಪಿನಲ್ಲಿ ತೀರಿಕೊಂಡರು. ಸಾಬೂನಿನ ಮುಖ ಎಷ್ಟು ಜನರಿಗೆ ನೆನಪಿತ್ತೋ!

ಆಯಿಗೆ ನೆನಪಿತ್ತು. ಆಕೆ ಬದುಕಿದ್ದಾಗ, ದೂರದರ್ಶನದಲ್ಲಿ 'ಆವಾರಾ' ನೋಡುತ್ತ ಒಮ್ಮೆ ಹೇಳಿದ ಮಾತನ್ನು ನಾನು ಆಗ ಲಕ್ಷಿಸಿರಲಿಲ್ಲ. "ಆಕಿ ನಮ್ಮ ಕಣ್ಣ ಮುಂದ ಮುದಿಕಿ ಆದಳು ನೋಡವಾ. ಹಂಗ ಆಗೂದು ಭಾಳ ಧೈರ್ಯದ ಕೆಲಸ." ಹೀಗೆಂದವಳು ಟ್ರಂಕಿನಲ್ಲಿ ಇಟ್ಟುಕೊಂಡದ್ದು ಮಾತ್ರ ಮುದುಕಿಯ ಚಿತ್ರವನ್ನಲ್ಲ, ತರುಣಿಯ ಚಿತ್ರವನ್ನು. ಈ ಎರಡನ್ನೂ ಕೂಡಿಸಿ ನೋಡಿದರೇನೇ ನನ್ನ ಪ್ರಶ್ನೆಯ ಪೂರ್ಣ ರೂಪ ತಿಳಿದೀತು. ನಾವು ಧೈರ್ಯವನ್ನು ಗೌರವಿಸುತ್ತೇವೆ, ಚೆಲುವನ್ನು ಕಾಪಿಡುತ್ತೇವೆ. ಇದರಲ್ಲಿ ಯಾವುದು ಪ್ರೀತಿ?

ಮೊದಲು ಚೆಲುವು ಎಂಬುದು ಯಾರ ಸೊತ್ತು ಎಂದು ಕೇಳಬೇಕು. ಅದು ಹುಟ್ಟಿನಿಂದ ಬಂದ ಮೈಯ ಗುಣವೆಂದು ನಾವು ತಿಳಿಯುತ್ತೇವೆ. ಈ ತಿಳಿವಳಿಕೆ ತಪ್ಪೆಂಬುದಕ್ಕೆ ನಮ್ಮ ಕೊಲ್ಹಾಪುರವೇ ಸಾಕ್ಷಿ. ೧೯೧೩ರಲ್ಲಿ ಫಾಳ್ಕೆಯವರು 'ರಾಜಾ ಹರಿಶ್ಚಂದ್ರ' ತೆಗೆದಾಗ ತಾರಾಮತಿಯ ಪಾತ್ರಕ್ಕೆ ಹೆಣ್ಣುಮಗಳು ದೊರೆಯದೆ, ಖಾನಾವಳಿಯಲ್ಲಿ ಕೆಲಸ ಮಾಡುತ್ತಿದ್ದ ಅಣ್ಣಾ ಸಾಳುಂಕೆ ಎಂಬ ತರುಣನಿಗೆ ಸೀರೆ ಉಡಿಸಿದರು. ೧೯೨೦ರಲ್ಲಿ ಬಾಬುರಾವ್ ಪೇಂಟರರ ಮಹಾರಾಷ್ಟ್ರ ಫಿಲ್ಮ್ ಕಂಪನಿ ಕೊಲ್ಹಾಪುರದಲ್ಲಿ 'ಸೈರಂಧ್ರಿ'ಯನ್ನು ನಿರ್ಮಿಸಿದಾಗ ಇಬ್ಬರು ಹೆಣ್ಣುಮಕ್ಕಳು ಧೈರ್ಯ ಮಾಡಿ ಬಂದರು. ೧೯೩೨ರಲ್ಲಿ ಕೊಲ್ಹಾಪುರದ ಪ್ರಭಾತ ಕಂಪನಿಯ 'ಅಯೋಧ್ಯೇಚಾ ರಾಜಾ'ದಲ್ಲಿ ಅದೇ ತಾರಾಮತಿಯಾಗಿ ದುರ್ಗಾ ಖೋಟೆಯವರು ನಿಂತರು. ಒಂದೇ ತಾರಾಮತಿ, ಹತ್ತೊಂಬತ್ತು ವರ್ಷಗಳ ಅಂತರದಲ್ಲಿ ಒಮ್ಮೆ ಖಾನಾವಳಿಯ ಹುಡುಗ, ಒಮ್ಮೆ ಕಲಿತ ಮನೆತನದ ಮಹಿಳೆ. ಇನ್ನು ಬಾಲಗಂಧರ್ವರ ಮಾತು ಎಲ್ಲರಿಗೂ ಗೊತ್ತಿದ್ದದ್ದೇ. ಗಂಡಸೊಬ್ಬನು ರಂಗದ ಮೇಲೆ ಸೀರೆ ಉಟ್ಟ ಬಗೆಯನ್ನು, ಹೂ ಮುಡಿದ ಬಗೆಯನ್ನು ನೋಡಿ ಕುಲೀನ ಮನೆತನಗಳ ಹೆಂಗಸರು ತಾವೂ ಹಾಗೆಯೇ ಉಟ್ಟರು, ಮುಡಿದರು. ಹೆಣ್ಣಿನ ಚೆಲುವನ್ನು ಹೆಣ್ಣು ಗಂಡಸಿನಿಂದ ಕಲಿತಳು!

ಆದುದರಿಂದ ಮೋಹಕತೆಯೆಂಬುದು ಕಟ್ಟಿದ ವಸ್ತು. ಮಗ್ಗದ ಮೇಲೆ ಸೀರೆ ನೇಯ್ದಂತೆ ಅದನ್ನು ನೇಯುತ್ತಾರೆ. ಬೆಳಕು ಒಂದು ಎಳೆ, ಬಣ್ಣ ಒಂದು ಎಳೆ, ನಟಿಯ ಬುದ್ಧಿ ಒಂದು ಎಳೆ. ಗಾರ್ಬೊಳ ಹಲವು ಚಿತ್ರಗಳಿಗೆ ವಿಲಿಯಂ ಡೇನಿಯಲ್ಸ್ ಎಂಬ ಒಬ್ಬನೇ ಛಾಯಾಗ್ರಾಹಕ ದೀಪ ಹೊಂದಿಸುತ್ತಿದ್ದ. ಆಕೆಯ ಮುಖದ ಯಾವ ಮಗ್ಗುಲಿಗೆ ಎಷ್ಟು ಬೆಳಕೆಂಬುದು ಅವನಿಗೆ ತಿಳಿದಿದ್ದಷ್ಟು ಆಕೆಗೂ ತಿಳಿದಿತ್ತೋ ಇಲ್ಲವೋ. ಇದು ಸುಳ್ಳೇ? ಹಾಗೆಂದರೆ ಸೀರೆಯೂ ಸುಳ್ಳೇ. ನನ್ನ ತರಗತಿಯ ಹುಡುಗಿಯ ಫೋಟೋವನ್ನು ಬೆಳ್ಳಗೆ ಮಾಡಿದ ಅಂಗಡಿಯವನೂ ಡೇನಿಯಲ್ಸನ ದೂರದ ನೆಂಟನೆಂದು ಈಗ ನನಗೆ ಅನಿಸುತ್ತದೆ. ಕೌಶಲ ಮಾತ್ರ ಕಡಿಮೆ, ಕರಿಯ ಬಣ್ಣವನ್ನು ಕಂಡರೆ ನಾಚಿಕೆ ಹೆಚ್ಚು. ಆ ನಾಚಿಕೆ ಅವನೊಬ್ಬನದಲ್ಲ, ನಮ್ಮೆಲ್ಲರದು. ಸಾಬೂನಿನ ಜಾಹೀರಾತು ಮನೆಮನೆಗೂ ಹಂಚಿದ ನಾಚಿಕೆಯಲ್ಲಿ ಅದೂ ಒಂದು ಪಾಲು.

ನಮ್ಮ ಕಾವ್ಯಮೀಮಾಂಸಕರು ಸಾಧಾರಣೀಕರಣ ಎಂಬ ಮಾತನ್ನು ಹೇಳಿದ್ದಾರೆ. ತೀ. ನಂ. ಶ್ರೀಕಂಠಯ್ಯನವರ 'ಭಾರತೀಯ ಕಾವ್ಯಮೀಮಾಂಸೆ'ಯನ್ನು ಓದಿದವರಿಗೆ ಇದು ಹೊಸತಲ್ಲ. ರಂಗದ ಮೇಲೆ ಸೀತೆಯ ದುಃಖ ಕಂಡಾಗ ಅದು ಆ ನಟಿಯ ದುಃಖವೂ ಅಲ್ಲ, ನನ್ನ ದುಃಖವೂ ಅಲ್ಲ. ಯಾರದೂ ಅಲ್ಲದ, ಆದುದರಿಂದಲೇ ಎಲ್ಲರದೂ ಆದ ದುಃಖ. ನಟಿ ಅಲ್ಲಿ ಕರಗಿಹೋಗಬೇಕು. ಆದರೆ ತಾರೆಯೆಂದು ನಾವು ಕರೆಯುವ ನಟಿ ಕರಗುವುದಿಲ್ಲ. ರಾಣಿಯಾದರೂ ಗಾರ್ಬೊ, ನರ್ತಕಿಯಾದರೂ ಗಾರ್ಬೊ. ಪಾತ್ರವನ್ನು ನುಂಗಿಯೂ ಉಳಿಯುವ ಈ ಶೇಷವೇ ಮೋಹಕತೆ. ಶಾಸ್ತ್ರದ ದೃಷ್ಟಿಯಿಂದ ಇದು ರಸಕ್ಕೆ ವಿಘ್ನವೆನಿಸೀತು. ನಾನು ಬಹುದಿನ ಹಾಗೆಯೇ ಎಂದುಕೊಂಡಿದ್ದೆ.

ಈಗ ಸಂದೇಹ ಬಂದಿದೆ. ೧೯೩೩ರಲ್ಲಿ ಬಂದ 'ಕ್ವೀನ್ ಕ್ರಿಸ್ಟಿನಾ' ಚಿತ್ರದ ಕೊನೆಯಲ್ಲಿ, ಸಿಂಹಾಸನವನ್ನು ಬಿಟ್ಟು, ಪ್ರಿಯನನ್ನೂ ಕಳೆದುಕೊಂಡ ರಾಣಿ ಹಡಗಿನ ಮುಂಭಾಗದಲ್ಲಿ ನಿಂತು ದೂರ ನೋಡುತ್ತಾಳೆ. ಕ್ಯಾಮೆರಾ ಹತ್ತಿರ ಹತ್ತಿರ ಹೋಗಿ ಮುಖವೊಂದೇ ತೆರೆಯ ತುಂಬ ನಿಲ್ಲುತ್ತದೆ. ಆ ಗಳಿಗೆಯಲ್ಲಿ ಏನನ್ನು ಯೋಚಿಸಲಿ ಎಂದು ಗಾರ್ಬೊ ಕೇಳಿದಾಗ ನಿರ್ದೇಶಕ ಮಾಮೂಲಿಯನ್, ಏನನ್ನೂ ಯೋಚಿಸಬೇಡ, ಮುಖವನ್ನು ಬರಿದಾಗಿ ಇಡು ಎಂದನಂತೆ. ಆಕೆ ಹಾಗೆಯೇ ನಿಂತಳು. ನೋಡಿದವರಲ್ಲಿ ಕೆಲವರು ಅಲ್ಲಿ ದುಃಖ ಕಂಡರು, ಕೆಲವರು ಬಿಡುಗಡೆ ಕಂಡರು, ಕೆಲವರು ದೇವರನ್ನು ಕಂಡರು. ಅದು ಒರೆಸಿದ ಪಾಟಿ. ಪ್ರತಿಯೊಬ್ಬರೂ ತಮ್ಮ ತಮ್ಮ ಬಳಪದಿಂದ ತಮ್ಮ ಮಾತನ್ನು ಅದರ ಮೇಲೆ ಬರೆದರು. ಯಾರದೂ ಅಲ್ಲದ, ಎಲ್ಲರದೂ ಆದ ಭಾವಕ್ಕೆ ಪಾತ್ರದ ಬದಲು ಮುಖವೇ ಎಡೆಯಾಯಿತು. ಇಂಥ ಮುಖಕ್ಕೆ ಮುಪ್ಪಿಲ್ಲದಿರುವುದು ಆಶ್ಚರ್ಯವಲ್ಲ. ಅದರ ಮೇಲೆ ಬರೆಯುವವರು ಪ್ರತಿ ತಲೆಮಾರಿನಲ್ಲಿಯೂ ಹೊಸಬರು. ಇಚಲಕರಂಜಿಯಲ್ಲಿ ಕಂಡಿಕೆ ಸುತ್ತುತ್ತಿದ್ದ ಹೆಣ್ಣುಮಗಳು ಸಾಬೂನಿನ ಜಾಹೀರಾತಿನ ಮೇಲೆ ಏನು ಬರೆದಿದ್ದಳೋ, ನಾನು ಓದಲಾರೆ.

ಆದರೆ ಪಾಟಿಗೆ ನೋವಾಗುವುದಿಲ್ಲ, ಮನುಷ್ಯರಿಗಾಗುತ್ತದೆ. ಇಲ್ಲಿಂದ ಮುಂದೆ ಪ್ರಶ್ನೆ ನೀತಿಯದು. ಜನರು ತನ್ನ ಮೇಲೆ ಬರೆದುಕೊಂಡದ್ದನ್ನು ಒಬ್ಬ ಹೆಣ್ಣು ಎಷ್ಟು ದಿನ ಹೊರಬೇಕು? ಮೆರಿಲಿನ್ ಮನ್ರೊ ೧೯೬೨ರಲ್ಲಿ ಸತ್ತಾಗ ೩೬ ವರ್ಷದವಳು. ನಮ್ಮ ಮಧುಬಾಲಾ ೧೯೬೯ರಲ್ಲಿ ಹೃದಯರೋಗದಿಂದ ತೀರಿಕೊಂಡಾಗ ೩೬. ಗಾರ್ಬೊ ತೆರೆ ಬಿಟ್ಟದ್ದೂ ೩೬ಕ್ಕೆ. ಲೆಕ್ಕದ ಪಾಠ ಹೇಳುವವಳಾದುದರಿಂದ ಇಂಥ ಸಂಖ್ಯೆಗಳು ನನ್ನ ಕಣ್ಣಿಗೆ ಬೀಳುತ್ತವೆ. ಅದರಲ್ಲಿ ಗೂಢಾರ್ಥವೇನೂ ಇಲ್ಲ. ನನಗೂ ಈಗ ೩೬, ಕಿವಿಯ ಮೇಲೆ ನಾಲ್ಕಾರು ನರೆಗೂದಲು ಬಂದಿವೆ ಎಂಬುದಷ್ಟೇ ಈ ಲೆಕ್ಕವನ್ನು ಮಾಡಿಸಿತು. ಮುಪ್ಪನ್ನು ಕಾಣುವ ಮೊದಲೇ ಹೋದವರನ್ನು ನಾವು ಹೆಚ್ಚು ಪ್ರೀತಿಸುತ್ತೇವೆಂದು ಒಪ್ಪಿಕೊಳ್ಳಲು ನನಗೆ ಸಂಕೋಚವಾಗುತ್ತದೆ. ಅದು ಪ್ರೀತಿಯಾಗಿದ್ದರೆ, ಅವರು ಬದುಕಿ ಮುದುಕಿಯರಾಗಲೆಂದು ಹಾರೈಸಬೇಡವೇ?

ಗಾರ್ಬೊಳನ್ನು ಹೇಡಿಯೆಂದೂ ಲೀಲಾ ಚಿಟಣೀಸರನ್ನು ಧೀರೆಯೆಂದೂ ಬರೆದು ಈ ಲೇಖನವನ್ನು ಮುಗಿಸಬೇಕೆಂಬುದು ನನ್ನ ಮೊದಲ ವಿಚಾರವಾಗಿತ್ತು. ಆಯಿಯ ಮಾತೂ ಅದಕ್ಕೆ ಒದಗುತ್ತಿತ್ತು. ಆದರೆ ವರ್ಷಗಳನ್ನು ಒಂದರ ಪಕ್ಕದಲ್ಲೊಂದು ಬರೆದುಕೊಂಡಾಗ ಆ ವಿಚಾರ ನಿಲ್ಲಲಿಲ್ಲ. ಅಶೋಕಕುಮಾರರು ಹುಟ್ಟಿದ್ದು ೧೯೧೧ರಲ್ಲಿ. ಲೀಲಾ ಅವರಿಗಿಂತ ಎರಡು ವರ್ಷ ಚಿಕ್ಕವರು, ಅಂದರೆ ಓರಗೆಯವರೇ. ೧೯೪೮ರಲ್ಲಿ ಲೀಲಾ ತಾಯಿಯ ಪಾತ್ರಕ್ಕೆ ಇಳಿದರು. ೧೯೪೯ರ 'ಮಹಲ್' ಚಿತ್ರದಲ್ಲಿ ಅಶೋಕಕುಮಾರರು ಮಧುಬಾಲಾಗೆ ನಾಯಕ. ಆ ಹುಡುಗಿಗೆ ಆಗ ೧೬ ವರ್ಷ. ನಾಯಕನ ವಯಸ್ಸು ನಿಂತಲ್ಲೇ ನಿಂತಿತು, ನಾಯಕಿಯ ವಯಸ್ಸು ಒಂದೇ ಸಲಕ್ಕೆ ಇಪ್ಪತ್ತು ವರ್ಷ ಹಾರಿತು. ಕನ್ನಡದಲ್ಲಿ ಆದದ್ದೂ ಇದೇ. ೧೯೫೪ರ 'ಬೇಡರ ಕಣ್ಣಪ್ಪ'ದಲ್ಲಿ ರಾಜಕುಮಾರರಿಗೆ ನಾಯಕಿಯಾಗಿದ್ದ ಪಂಡರಿಬಾಯಿಯವರು ಮುಂದೆ ಅವರಿಗೇ ತಾಯಿಯಾಗಿ ನಟಿಸಿದರು. ನಾಲ್ವರು ಮಕ್ಕಳ ತಾಯಿ ದೊರೆತ ಪಾತ್ರವನ್ನು ಒಪ್ಪಿಕೊಂಡದ್ದು ಧೈರ್ಯವೇ ಸರಿ, ಆದರೆ ಅದು ಆಯ್ಕೆಯಿಲ್ಲದವರ ಧೈರ್ಯ. ಗಾರ್ಬೊಳ ಕೈಯಲ್ಲಿ ಹಣವಿತ್ತು, ಮನೆಯಲ್ಲಿ ಉಣ್ಣಿಸಬೇಕಾದ ಮಕ್ಕಳಿರಲಿಲ್ಲ. ಆಕೆ ಬಾಗಿಲು ಮುಚ್ಚಿಕೊಂಡಳು. ಇಬ್ಬರ ಮೇಲೂ ಒತ್ತಿದ ಕೈ ಒಂದೇ. ಅದು ಚಿತ್ರಮಂದಿರದ ಕತ್ತಲಲ್ಲಿ ಕುಳಿತವರ ಕೈ, ಅಂದರೆ ನಮ್ಮದು.

ನಮ್ಮ ಸೀಮೆಯ ಇನ್ನಿಬ್ಬರನ್ನು ಇಲ್ಲಿ ನೆನೆಯದೆ ಮುಂದೆ ಹೋಗಲಾರೆ. ಹುಬ್ಬಳ್ಳಿಯ ಸಮೀಪದ ಅದರಗುಂಚಿಯ ಶಾಂತಾ ಹುಬಳೀಕರರು ೧೯೩೯ರಲ್ಲಿ ಶಾಂತಾರಾಮರ 'ಮಾಣೂಸ್' ಚಿತ್ರದಲ್ಲಿ ಮೈನಾ ಎಂಬ ವೇಶ್ಯೆಯ ಪಾತ್ರವನ್ನು ವಹಿಸಿದರು. ಒಬ್ಬ ಪೋಲೀಸು ಶಿಪಾಯಿ ಅವಳನ್ನು ಆ ಬಾಳಿನಿಂದ ಎತ್ತಲು ಹೆಣಗಿ ಸೋಲುವ ಕಥೆ ಅದು. ಹೆಸರಿನ ತುದಿಯಲ್ಲಿಯೇ ತನ್ನ ಊರಿನ ಗುರುತನ್ನು ಹೊತ್ತ ಈಕೆ ಹಲವು ಭಾಷೆಗಳನ್ನು ಬೆರೆಸಿದ ಒಂದೇ ಹಾಡಿನಿಂದ ಮನೆಮಾತಾದರು. ನಾಳೆಯ ಚಿಂತೆ ಯಾಕೆಂಬ ಭಾವದ ಹಾಡು ಅದು. ನಾಳೆ ಬಂದೇ ಬಂದಿತು. ಜನ ಮರೆತರು, ಮುಪ್ಪಿನಲ್ಲಿ ವೃದ್ಧಾಶ್ರಮವನ್ನೂ ಕಂಡರು, ೧೯೯೨ರಲ್ಲಿ ತೀರಿಕೊಂಡರು. ತಮ್ಮ ಆತ್ಮಕಥೆಗೆ ಆ ಹಾಡಿನ ಹೆಸರನ್ನೇ ಇಟ್ಟರು, 'ಕಶಾಲಾ ಉದ್ಯಾಚೀ ಬಾತ' ಎಂದು. ಅದರಲ್ಲಿ ನಗೆ ಎಷ್ಟು, ಕಣ್ಣೀರು ಎಷ್ಟು, ನೀವೇ ಊಹಿಸಿಕೊಳ್ಳಿ.

ಇನ್ನೊಬ್ಬರು ಸುಲೋಚನಾ. ಚಿಕ್ಕೋಡಿ ತಾಲೂಕಿನ ಖಡಕಲಾಟದಲ್ಲಿ ೧೯೨೮ರಲ್ಲಿ ಹುಟ್ಟಿ, ಕೊಲ್ಹಾಪುರದ ಜಯಪ್ರಭಾ ಸ್ಟುಡಿಯೋದಲ್ಲಿ ಭಾಲಜಿ ಪೆಂಢಾರಕರರ ಕೈಕೆಳಗೆ ನಟನೆ ಕಲಿತವರು. ಕಣ್ಣುಗಳನ್ನು ನೋಡಿ ಭಾಲಜಿಯವರೇ ಆ ಹೆಸರಿಟ್ಟರೆಂದು ಹೇಳುತ್ತಾರೆ. ಮರಾಠಿಯಲ್ಲಿ ನಾಯಕಿ, ಹಿಂದಿಯಲ್ಲಿ ತಾಯಿ. ೨೦೨೩ರ ಜೂನ್ ೪ರಂದು ಅವರು ತೀರಿಕೊಂಡ ಸುದ್ದಿ ಬಂದಾಗ ಗಡಹಿಂಗ್ಲಜದ ಬಸ್ಸುನಿಲ್ದಾಣದಲ್ಲಿ ಇಬ್ಬರು ಮುದುಕಿಯರು ಅವರ ವಿಷಯ ಮಾತಾಡುತ್ತಿದ್ದುದನ್ನು ನಾನು ಕೇಳಿದೆ. ಒಬ್ಬಳು ಮರಾಠಿ, ಒಬ್ಬಳು ಕನ್ನಡ. ಇಬ್ಬರೂ ಆಡಿದ್ದು ಆಕೆಯ ಕಣ್ಣುಗಳ ಮಾತು. ಅಂದರೆ ಮುಪ್ಪನ್ನು ಮರೆಸದೆ ನಮ್ಮೆದುರು ಬಾಳಿದ ಮುಖವೂ ಮನಸ್ಸಿನಲ್ಲಿ ಉಳಿಯುತ್ತದೆ. ಉಳಿಯುವ ರೀತಿ ಮಾತ್ರ ಬೇರೆ, ಪಟದಂತಲ್ಲ, ನೆಂಟರಂತೆ.

ಮುಪ್ಪಿನ ವಿಚಾರವನ್ನು ನಮ್ಮ ಹಿರಿಯರು ಮಾಡಿಲ್ಲವೆಂದಲ್ಲ. ವೈಶಾಲಿಯ ಗಣಿಕೆ ಆಮ್ರಪಾಲಿ ಬೌದ್ಧ ಭಿಕ್ಷುಣಿಯಾದ ಮೇಲೆ ತನ್ನ ಕೂದಲು, ಹುಬ್ಬು, ಹಲ್ಲು, ಕಂಠ ಒಂದೊಂದನ್ನೂ ಅಂದು ಹೇಗಿತ್ತು ಇಂದು ಹೇಗಾಯಿತು ಎಂದು ಪದ್ಯ ಕಟ್ಟಿದಳು, ಅವು ಥೇರೀಗಾಥೆಯಲ್ಲಿವೆ. ನಮ್ಮ ಅಕ್ಕಮಹಾದೇವಿ ತನ್ನ ರೂಪಕ್ಕೆ ಮರುಳಾದ ಅರಸನನ್ನು ತೊರೆದು, ಕೇಡಿಲ್ಲದವನಿಗೆ ಒಲಿದಳು. ಇವರು ದೊಡ್ಡವರು. ಮೈಯ ಚೆಲುವು ಅನಿತ್ಯವೆಂಬ ಅವರ ಮಾತಿಗೆ ಎದುರಾಡುವ ಯೋಗ್ಯತೆ ನನಗಿಲ್ಲ. ಆದರೂ ಒಂದು ಮಾತು. ಈ ಇಬ್ಬರೂ ಲೋಕವು ಕಣ್ಣುತುಂಬ ನೋಡಿದ ಹೆಣ್ಣುಗಳು. ನೋಟದ ಭಾರ ಸಾಕಾಗಿ ಅದನ್ನು ಇಳಿಸಿದವರು. ಎಂದೂ ಯಾರೂ ಕಣ್ಣೆತ್ತಿ ನೋಡದ ಹೆಣ್ಣಿಗೆ ಈ ವೈರಾಗ್ಯವನ್ನು ಬೋಧಿಸುವುದು, ಉಣ್ಣದವರಿಗೆ ಉಪವಾಸದ ಮಹಿಮೆ ಹೇಳಿದಂತಾದೀತಲ್ಲವೇ?

ಆಯಿಯನ್ನು ಯಾರು ನೋಡಿದ್ದರು? ಆಕೆಯ ಭಾವಚಿತ್ರಗಳು ನಮ್ಮ ಮನೆಯಲ್ಲಿ ಒಟ್ಟು ಮೂರು. ಒಂದರಲ್ಲಿ ಸೆರಗು ಮುಖವನ್ನು ಮುಚ್ಚಿದೆ. ಒಂದು ರೇಶನ್ ಕಾರ್ಡಿನದು. ಮೂರನೆಯದು ತೀರಿಕೊಂಡ ಮೇಲೆ ದೊಡ್ಡದು ಮಾಡಿಸಿ ಹಾರ ಹಾಕಿದ್ದು, ಅದೂ ರೇಶನ್ ಕಾರ್ಡಿನದರಿಂದಲೇ. ಐವತ್ತು ವರ್ಷ ಮಗ್ಗದ ಸದ್ದಿನಲ್ಲಿ ಕುಳಿತವಳ ಮುಖಕ್ಕೆ ಯಾರೂ ದೀಪವನ್ನು ಎಡಕ್ಕೆ ಸರಿಸಿ ಬಲಕ್ಕೆ ಸರಿಸಿ ಹೊಂದಿಸಲಿಲ್ಲ. ಲೀಲಾ ಚಿಟಣೀಸರ ಮುಖವನ್ನು ಆಕೆ ಮಡಿಚಿಟ್ಟುಕೊಂಡದ್ದು ಆ ಚೆಲುವಿನ ಮೇಲಿನ ಆಸೆಗಷ್ಟೇ ಅಲ್ಲವೆಂದು ನನಗೆ ತೋರುತ್ತದೆ. ಒಂದು ಹೆಣ್ಣುಮುಖವನ್ನು ಇಷ್ಟು ಎಚ್ಚರದಿಂದ, ಇಷ್ಟು ಹೊತ್ತು ಕೊಟ್ಟು ನೋಡಿದವರು ಎಲ್ಲಿಯೋ ಇದ್ದರೆಂಬುದಕ್ಕೆ ಆ ಕಾಗದದ ತುಂಡು ಪುರಾವೆಯಾಗಿತ್ತು. ನೋಡಿಸಿಕೊಳ್ಳಬೇಕೆಂಬ ಹಸಿವಿಗೆ ನಾವು ಡಂಭವೆಂದು ಹೆಸರಿಡುತ್ತೇವೆ. ಡಂಭವೂ ಅದರಲ್ಲಿ ಇರಬಹುದು. ಆದರೆ ಹಸಿವು ಮೊದಲು.

ದಿನಾಲು ಹಾಜರಿ ಕರೆಯುವಾಗ ನಾನು ಪುಸ್ತಕವನ್ನು ನೋಡುತ್ತೇನೆ, ಮಕ್ಕಳ ಮುಖವನ್ನಲ್ಲ. ನಲವತ್ತು ಹೆಸರು, ಐದು ನಿಮಿಷ. ಆ ಹುಡುಗಿಯ ಗಲ್ಲದ ಕಲೆ ಎಡಕ್ಕೋ ಬಲಕ್ಕೋ ಎಂದು ಅಂದು ರಾತ್ರಿ ನೆನಪು ಮಾಡಿಕೊಳ್ಳಲು ಹೋದೆ, ಆಗಲಿಲ್ಲ. ಅಂಗಡಿಯವನಿಗಾದರೂ ಅದು ಗೊತ್ತಿತ್ತು; ಅಳಿಸಲಿಕ್ಕಾಗಿಯಾದರೂ ಅವನು ಅದನ್ನು ನೋಡಿದ್ದ.

ಮೂರನೆಯ ದಿನ ಹುಡುಗಿ ಬಂದಳು. ಆಡಬಾರದ ಮಾತನ್ನು ಇಡೀ ತರಗತಿಯ ಮುಂದೆ ಆಡಿದ್ದೆ, ಆದುದರಿಂದ ತಪ್ಪಾಯಿತೆಂಬುದನ್ನೂ ತರಗತಿಯ ಮುಂದೆಯೇ ಹೇಳಿದೆ. ಡಿ.ಎಡ್. ಕಲಿಯುವಾಗ ಈ ಪಾಠವನ್ನು ನಮಗೆ ಯಾರೂ ಹೇಳಿಕೊಟ್ಟಿರಲಿಲ್ಲ, ನಾಲಗೆ ತೊದಲಿತು. ಮಕ್ಕಳು ಈ ಸಲ ನಗಲಿಲ್ಲ. ಮಧ್ಯಾಹ್ನದ ಬಿಡುವಿನಲ್ಲಿ ಆಕೆಯನ್ನು ಪಡಸಾಲೆಯ ಕಟ್ಟೆಯ ಮೇಲೆ ಕೂಡಿಸಿ, ಬೇವಿನ ಗಿಡದ ನೆರಳು ಮುಖದ ಮೇಲೆ ಬೀಳದಂತೆ ಅತ್ತಿತ್ತ ಸರಿಸಿ, ನನ್ನ ಮೊಬೈಲಿನಲ್ಲಿ ಒಂದು ಫೋಟೋ ತೆಗೆದೆ. ಸರಿಬರಲಿಲ್ಲ. ಮತ್ತೆ ತೆಗೆದೆ. ಹೀಗೆ ಹತ್ತೋ ಹನ್ನೊಂದೋ ಸಲ. ನಡುವೆ ಗಂಟೆ ಬಾರಿಸಿತು, ಬಾರಿಸಲೆಂದು ಬಿಟ್ಟೆ.

ಕೊನೆಯದನ್ನು ಆಕೆಯ ಕೈಗೆ ಕೊಟ್ಟೆ. ಬಹಳ ಹೊತ್ತು ನೋಡಿದಳು.

"ಕಲೆ ಕಾಣಸ್ತೈತ್ರಿ, ಅಕ್ಕೋರ."

"ಹೌದವ್ವಾ, ಕಾಣಸ್ತೈತಿ."

ಮತ್ತೂ ನೋಡಿದಳು. ಅಂಗಡಿಯ ಫೋಟೋವನ್ನು ತೆಗೆದು ಅದರ ಪಕ್ಕದಲ್ಲಿಟ್ಟುಕೊಂಡು ನೋಡಿದಳು. ಆಮೇಲೆ, "ಚೀಟಿಗೆ ಅಂಗಡೀದ ಹಚ್ಚರೀ. ಇದನ್ನ ನಮ್ಮವ್ವಗ ಕೊಡತೇನು" ಎಂದಳು.

ಆಗಲೆಂದೆ. ಅಂಟು ಹಚ್ಚಿ ಅಂಗಡಿಯ ಫೋಟೋವನ್ನೇ ಚೀಟಿಗೆ ಅಂಟಿಸಿದೆ. ಶಾಲೆಯ ಮೊಹರು ಅದರ ಒಂದು ಮೂಲೆಯ ಮೇಲೆ ಬಿದ್ದಿತು.